ಗ್ರೀಕರ ಇತಿಹಾಸಕಾರರು, ತತ್ತ್ವಜ್ಞರು, ನಾಟಕಕಾರರು: ಗಡಿನಾಡಿನ ಓದುಗರಿಗೊಂದು ಪರಿಚಯ



ಸಾಕ್ರೆಟಿಸ್, ಪ್ಲೇಟೊ, ಅರಿಸ್ಟಾಟಲ್ ಎಂಬ ಮೂರು ಹೆಸರುಗಳನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಕನ್ನಡ ಶಾಲೆಯಲ್ಲಿ ಓದಿದವರೂ ಮಾಡಿದ್ದಾರೆ, ಮರಾಠಿ ಶಾಲೆಯಲ್ಲಿ ಓದಿದವರೂ ಮಾಡಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಆ ಹೆಸರುಗಳು ಅಲ್ಲಿಗೇ ನಿಂತುಬಿಡುತ್ತವೆ. ಅವರು ಏನು ಹೇಳಿದರು, ಯಾಕೆ ಹೇಳಿದರು, ಎರಡೂವರೆ ಸಾವಿರ ವರ್ಷಗಳ ಹಿಂದಿನ ಆ ಮಾತು ಸೊಲ್ಲಾಪುರ, ಅಕ್ಕಲಕೋಟ, ಮೈಂದರ್ಗಿ, ದುಧನಿಯಲ್ಲಿರುವ ನಮಗೆ ಏನಾಗಬೇಕು ಎಂಬುದು ಹಾಗೇ ಉಳಿಯುತ್ತದೆ. ಈ ಲೇಖನದಲ್ಲಿ ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗ್ರೀಕ್ ಭಾಷೆ ಬರಬೇಕಾಗಿಲ್ಲ, ಮೊದಲೇ ಏನೂ ಓದಿರಬೇಕಾಗಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಗ್ರೀಕರ ಇತಿಹಾಸ ಬರವಣಿಗೆಯಾಗಲಿ, ತತ್ತ್ವಚಿಂತನೆಯಾಗಲಿ ರಾಜಧಾನಿಯ ನಡುಮನೆಯಲ್ಲಿ ಹುಟ್ಟಿದ್ದಲ್ಲ. ಎರಡು ಭಾಷೆ, ಎರಡು ಆಡಳಿತ ಕೂಡುವ ಗಡಿ ಊರುಗಳಲ್ಲಿ ಹುಟ್ಟಿದ್ದು. ಆದ್ದರಿಂದ ಗಡಿಯಲ್ಲಿ ಬದುಕುವ ನಮಗೆ ಅದರ ಕೆಲವು ವಿಷಯಗಳು ಬೇರೆಯವರಿಗಿಂತ ಬೇಗ ಅರ್ಥವಾಗುತ್ತವೆ ಎಂಬುದು ನಮ್ಮ ಅಭಿಪ್ರಾಯ.

ತೇರ್ ಊರಿನ ಬಟ್ಟೆ, ಗ್ರೀಕ್ ಪುಸ್ತಕದಲ್ಲಿ

ಗ್ರೀಸ್ ಎಲ್ಲಿ, ಸೊಲ್ಲಾಪುರ ಎಲ್ಲಿ ಎಂದು ಕೇಳುವವರಿಗೆ ಮೊದಲು ನಮ್ಮ ನೆರೆಯ ಊರನ್ನೇ ತೋರಿಸೋಣ. ಧಾರಾಶಿವ ಜಿಲ್ಲೆಯಲ್ಲಿ ತೇರಣಾ ನದಿಯ ದಂಡೆಯ ಮೇಲೆ ತೇರ್ ಇದೆ. ಸಂತ ಗೋರಾ ಕುಂಬಾರರ ಊರೆಂದು ನಮ್ಮಲ್ಲಿ ಹಲವರು ಅಲ್ಲಿಗೆ ಹೋಗಿ ಬಂದಿದ್ದಾರೆ. ಇದರ ಹಳೆಯ ಹೆಸರು ತಗರ.

ಕ್ರಿ.ಶ. ಮೊದಲನೆಯ ಶತಮಾನದ ನಡುವಿನಲ್ಲಿ ಗ್ರೀಕ್ ಮಾತಾಡುವ ಒಬ್ಬ ವ್ಯಾಪಾರಿ ಕೆಂಪು ಸಮುದ್ರದಿಂದ ಭಾರತದವರೆಗಿನ ಬಂದರುಗಳ ಬಗ್ಗೆ ಒಂದು ಕೈಪಿಡಿ ಬರೆದ. ಅವನ ಹೆಸರು ಉಳಿದಿಲ್ಲ, ಪುಸ್ತಕ ಉಳಿದಿದೆ. 'ಪೆರಿಪ್ಲಸ್' ಎಂದು ಅದನ್ನು ಕರೆಯುತ್ತಾರೆ. ಬರಿಗಾಜ, ಅಂದರೆ ಇಂದಿನ ಭರೂಚ್ ಬಂದರಿನಿಂದ ದಕ್ಷಿಣಕ್ಕೆ ಇಪ್ಪತ್ತು ದಿನದ ದಾರಿ ಪೈಠಣ, ಅಲ್ಲಿಂದ ಪೂರ್ವಕ್ಕೆ ಹತ್ತು ದಿನದ ದಾರಿ ತಗರ ಎಂದು ಅವನು ಬರೆಯುತ್ತಾನೆ. ತಗರದಿಂದ ಸಾದಾ ಬಟ್ಟೆ, ನಯವಾದ ಬಟ್ಟೆ ಎಲ್ಲವೂ ದಾರಿಯಿಲ್ಲದ ಬಯಲುಗಳಲ್ಲಿ ಗಾಡಿಗಳ ಮೇಲೆ ಬರಿಗಾಜಕ್ಕೆ ಬರುತ್ತವೆ ಎಂದೂ ಹೇಳುತ್ತಾನೆ. ಈ ಸೀಮೆಯನ್ನು ಅವನು 'ದಖಿನಬದೆಸ್' ಎಂದು ಕರೆದು, ಇಲ್ಲಿಯವರ ಭಾಷೆಯಲ್ಲಿ ಆ ಮಾತಿಗೆ 'ತೆಂಕಣ' ಎಂಬ ಅರ್ಥವಿದೆ ಎಂದು ವಿವರಿಸುತ್ತಾನೆ. ಅಂದರೆ ಯಾರನ್ನೋ ಕೇಳಿ ತಿಳಿದುಕೊಂಡಿದ್ದಾನೆ.

ಚಾದರಕ್ಕೆ ಹೆಸರಾದ ಸೊಲ್ಲಾಪುರದ ಸುತ್ತಲಿನ ಸೀಮೆ ಎರಡು ಸಾವಿರ ವರ್ಷಗಳ ಹಿಂದೆಯೇ ಬಟ್ಟೆಗಾಗಿ ಗ್ರೀಕ್ ಪುಸ್ತಕ ಸೇರಿತ್ತು. ನೂರು ವರ್ಷಗಳ ಬಳಿಕ ಟಾಲೆಮಿ ಎಂಬ ಭೂಗೋಳಜ್ಞ ನಮ್ಮ ಬನವಾಸಿಯ ಹೆಸರನ್ನೂ ಗ್ರೀಕಿನಲ್ಲಿ ಬರೆದಿಟ್ಟ. ತೇರಿನ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ವ್ಯಾಪಾರದ ಗುರುತುಗಳನ್ನು ಇಂದಿಗೂ ನೋಡಬಹುದು. ಮಕ್ಕಳನ್ನು ಕರೆದುಕೊಂಡು ಒಂದು ಭಾನುವಾರ ಹೋಗಿಬರಲು ಯೋಗ್ಯವಾದ ಜಾಗ.

'ಬಾರ್ಬರೊಸ್' ಎಂದರೆ ಯಾರು?

ಹಳೆಯ ಗ್ರೀಸ್ ಒಂದೇ ದೇಶವಾಗಿರಲಿಲ್ಲ. ಅಥೆನ್ಸ್, ಸ್ಪಾರ್ಟ, ಕೊರಿಂಥ್, ಥೀಬ್ಸ್ ಹೀಗೆ ನೂರಾರು ಊರು-ರಾಜ್ಯಗಳಿದ್ದವು. ಅವು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದವು. ಇಂದಿನ ತುರ್ಕಿಯ ಪಶ್ಚಿಮ ಕರಾವಳಿಯಲ್ಲೂ ಗ್ರೀಕ್ ಮಾತಾಡುವ ಊರುಗಳಿದ್ದವು. ಅವುಗಳ ಬೆನ್ನಿಗೆ ಮೊದಲು ಲಿಡಿಯಾ, ನಂತರ ಪರ್ಷಿಯಾ ಎಂಬ ದೊಡ್ಡ ರಾಜ್ಯಗಳು. ಮನೆಯಲ್ಲಿ ಒಂದು ಮಾತು, ಪೇಟೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು. ಇದು ನಮಗೆ ಯಾರೂ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಇವರೆಲ್ಲರನ್ನೂ 'ಗ್ರೀಕರು' ಎಂದು ಒಂದಾಗಿಸಿದ್ದರಲ್ಲಿ ಭಾಷೆಯ ಪಾಲು ದೊಡ್ಡದು. ಗ್ರೀಕ್ ಬಾರದವರನ್ನು ಅವರು 'ಬಾರ್ಬರೊಸ್' ಎನ್ನುತ್ತಿದ್ದರು. 'ಬರ್ ಬರ್' ಎಂದು ಏನೋ ಒದರುವವರು ಎಂಬುದು ಅದರ ಮೂಲ. ಇಂಗ್ಲಿಷಿನ 'ಬಾರ್ಬೇರಿಯನ್' ಇಲ್ಲಿಂದಲೇ ಬಂತು. ಮೊದಲು ಅದು ಬೈಗುಳವಾಗಿರಲಿಲ್ಲ. ಪರ್ಷಿಯಾದೊಡನೆ ಯುದ್ಧವಾದ ಮೇಲೆ ತಾತ್ಸಾರದ ಬಣ್ಣ ಗಾಢವಾಯಿತು. ನೆರೆಯವರ ಮಾತು ಕಿವಿಗೆ ಬರೀ ಸದ್ದಾಗಿ ಕೇಳುವುದು, ಆಮೇಲೆ ಆ ಸದ್ದಿನಿಂದಲೇ ಮನುಷ್ಯನನ್ನು ಅಳೆಯುವುದು ಎಲ್ಲ ಗಡಿಗಳಲ್ಲೂ ನಡೆದಿದೆ. ಗ್ರೀಕರ ಶ್ರೇಷ್ಠ ಬರಹಗಾರರು ಈ ಅಭ್ಯಾಸದೊಂದಿಗೆ ಹೇಗೆ ಗುದ್ದಾಡಿದರು ಎಂಬುದನ್ನು ಹಿಡಿದುಕೊಂಡು ಮುಂದೆ ಹೋಗೋಣ.

ಇತಿಹಾಸಕಾರರು: ಕೇಳಿ ಬರೆದವರು

ಹೆರೊಡೋಟಸ್ ಹುಟ್ಟಿದ್ದು ಸುಮಾರು ಕ್ರಿ.ಪೂ. 484ರಲ್ಲಿ, ಇಂದಿನ ತುರ್ಕಿಯ ಬೊದ್ರುಮ್ ಇರುವ ಕಡೆ ಇದ್ದ ಹಾಲಿಕಾರ್ನಸಸ್‌ನಲ್ಲಿ. ಆ ಊರಿನಲ್ಲಿ ಗ್ರೀಕರೂ ಇದ್ದರು, ಕಾರಿಯನ್ ಭಾಷೆಯ ಜನರೂ ಇದ್ದರು, ಮೇಲಿನ ಅಧಿಕಾರ ಪರ್ಷಿಯಾದ ದೊರೆಯದು. ಅವನು ಬರೆದ ಪುಸ್ತಕದ ಹೆಸರು 'ಹಿಸ್ಟೊರಿಯ'. ಇಂದು ಅದಕ್ಕೆ ಇತಿಹಾಸ ಎಂದು ಅರ್ಥ. ಅವನ ಕಾಲದಲ್ಲಿ ಅದರ ಅರ್ಥ ವಿಚಾರಣೆ, ಕೇಳಿ ತಿಳಿಯುವುದು ಎಂದಷ್ಟೇ. ಗ್ರೀಕರಿಗೂ ಪರ್ಷಿಯನ್ನರಿಗೂ ಯುದ್ಧ ಯಾಕಾಯಿತು ಎಂಬುದು ಅವನ ವಿಷಯ. ಕ್ರಿ.ಪೂ. 490ರ ಮ್ಯಾರಥಾನ್ ಕಾಳಗ, 480ರ ಸಲಾಮಿಸ್ ನೌಕಾಯುದ್ಧ ಎಲ್ಲವೂ ಅದರಲ್ಲಿವೆ. ಗ್ರೀಕರೂ ಬಾರ್ಬರರೂ ಮಾಡಿದ ದೊಡ್ಡ ಕೆಲಸಗಳು ಮರೆತುಹೋಗಬಾರದು ಎಂದು ಅವನು ಮೊದಲಿಗೇ ಹೇಳುತ್ತಾನೆ. ಎರಡೂ ಕಡೆಯವರದ್ದು ಎಂಬುದನ್ನು ಗಮನಿಸಬೇಕು. ಗೆದ್ದವರ ಕಡೆಗೆ ಸೇರಿದವನು ಸೋತವರ ಸಾಹಸವನ್ನೂ ಬರೆದಿಡಲು ಹೊರಟಿದ್ದಾನೆ. ಇದಕ್ಕಾಗಿ ಐದು ಶತಮಾನಗಳ ನಂತರವೂ ಪ್ಲುಟಾರ್ಕ್ ಎಂಬ ಗ್ರೀಕ್ ಲೇಖಕ ಅವನನ್ನು 'ಬಾರ್ಬರರ ಪ್ರೇಮಿ' ಎಂದು ಹೀಯಾಳಿಸಿದ.

ಹೆರೊಡೋಟಸ್ ಹೇಳುವ ಒಂದು ಪ್ರಸಂಗದಲ್ಲಿ ಭಾರತೀಯರೂ ಬರುತ್ತಾರೆ. ಪರ್ಷಿಯಾದ ದೊರೆ ಡೇರಿಯಸ್ ತನ್ನ ಆಸ್ಥಾನದಲ್ಲಿದ್ದ ಗ್ರೀಕರನ್ನು ಕರೆದು, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯ ದೇಹವನ್ನು ತಿನ್ನುತ್ತೀರಿ ಎಂದು ಕೇಳಿದ. ಎಷ್ಟು ಕೊಟ್ಟರೂ ಇಲ್ಲ ಎಂದರು. ಆಮೇಲೆ ಹಾಗೆ ತಿನ್ನುವ ರೂಢಿಯಿದ್ದ ಭಾರತದ ಒಂದು ಪಂಗಡದವರನ್ನು ಕರೆದು, ಎಷ್ಟು ಕೊಟ್ಟರೆ ತಂದೆಯ ದೇಹವನ್ನು ಸುಡುತ್ತೀರಿ ಎಂದು ಕೇಳಿದ. ಅವರು ಕಿರುಚಿ, ಅಂಥ ಮಾತು ಆಡಬೇಡ ಎಂದರು. ಪ್ರತಿಯೊಬ್ಬರಿಗೂ ತಮ್ಮ ರೂಢಿಯೇ ದೊಡ್ಡದು ಎಂಬ ತೀರ್ಮಾನಕ್ಕೆ ಹೆರೊಡೋಟಸ್ ಬರುತ್ತಾನೆ. ಇನ್ನೊಂದು ಕಡೆ, ಈಜಿಪ್ಟಿನವರು ತಮ್ಮ ಭಾಷೆ ಬಾರದವರನ್ನೆಲ್ಲ ಬಾರ್ಬರರು ಎನ್ನುತ್ತಾರೆ ಎಂದು ಬರೆಯುತ್ತಾನೆ. ಅವರ ಲೆಕ್ಕದಲ್ಲಿ ಗ್ರೀಕರೂ ಬಾರ್ಬರರೇ.

ಅವನು ಕೇಳಿದ್ದೆಲ್ಲ ನಿಜವಲ್ಲ. ಭಾರತದ ಮರಳುಗಾಡಿನಲ್ಲಿ ನರಿಗಿಂತ ದೊಡ್ಡ ಇರುವೆಗಳು ಚಿನ್ನ ತೋಡಿ ತೆಗೆಯುತ್ತವೆ ಎಂದೂ ಬರೆದಿದ್ದಾನೆ. ಆದರೆ ಅದೇ ಭಾಗದಲ್ಲಿ, ಅಲ್ಲಿ ಕಾಡುಗಿಡಗಳು ಕುರಿಯ ಉಣ್ಣೆಗಿಂತ ಚೆಂದದ ಉಣ್ಣೆ ಬಿಡುತ್ತವೆ, ಜನ ಅದರಿಂದಲೇ ಬಟ್ಟೆ ಮಾಡಿಕೊಳ್ಳುತ್ತಾರೆ ಎಂದಿದ್ದಾನೆ. ಅದು ನಮ್ಮ ಹತ್ತಿ! ಹತ್ತಿಯನ್ನು ಕಾಣದವನಿಗೆ ಇರುವೆಯ ಕಥೆಯೂ ಉಣ್ಣೆ ಬಿಡುವ ಗಿಡದ ಕಥೆಯೂ ಒಂದೇ ತೂಕದವು. ಜನ ಹೇಳಿದ್ದನ್ನು ಬರೆದಿಡುವುದು ನನ್ನ ಕರ್ತವ್ಯ, ಎಲ್ಲವನ್ನೂ ನಂಬುವುದು ಕರ್ತವ್ಯವಲ್ಲ ಎಂಬ ಅರ್ಥದ ಮಾತನ್ನು ಅವನೇ ಹೇಳಿದ್ದಾನೆ.

ಅವನ ನಂತರ ಬಂದ ಥ್ಯುಸಿಡಿಡೀಸ್ ಬೇರೆ ಜಾತಿಯ ಮನುಷ್ಯ. ಕ್ರಿ.ಪೂ. 431ರಿಂದ 404ರವರೆಗೆ ಅಥೆನ್ಸ್ ಮತ್ತು ಸ್ಪಾರ್ಟಗಳ ನಡುವೆ ನಡೆದ ಯುದ್ಧವನ್ನು ಬರೆದ. ದೇವರ ಶಕುನ, ರಂಜಕ ಕಥೆ ಅವನಿಗೆ ಬೇಡ. ಕಂಡವರನ್ನು ಕೇಳಿ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ಹೋಲಿಸಿ ಬರೆಯುತ್ತಾನೆ. ಕ್ರಿ.ಪೂ. 430ರಲ್ಲಿ ಅಥೆನ್ಸಿಗೆ ಮಹಾಮಾರಿ ಬಂದಾಗ ಅವನಿಗೂ ರೋಗ ತಗುಲಿತು. ಬದುಕಿ ಉಳಿದು, ಮುಂದೆ ಮತ್ತೆ ಬಂದರೆ ಜನ ಗುರುತಿಸಲಿ ಎಂದು ಲಕ್ಷಣಗಳನ್ನು ಒಂದೊಂದಾಗಿ ಬರೆದಿಟ್ಟ. ಊರಿನಲ್ಲಿ ಶವಸಂಸ್ಕಾರದ ಕ್ರಮವೇ ಕೆಟ್ಟದ್ದನ್ನೂ ಬರೆದ. 2020ರ ನಂತರ ಓದುವವರಿಗೆ ಆ ಪುಟಗಳು ಹಳೆಯವು ಅನಿಸುವುದಿಲ್ಲ.

ಅವನು ಸೇನಾಪತಿಯೂ ಆಗಿದ್ದ. ಕ್ರಿ.ಪೂ. 424ರಲ್ಲಿ ಆಂಫಿಪೊಲಿಸ್ ಎಂಬ ಊರನ್ನು ಉಳಿಸಿಕೊಳ್ಳಲಾಗದೆ ಇಪ್ಪತ್ತು ವರ್ಷ ಗಡೀಪಾರಾದ. ಗಡೀಪಾರಾದ್ದರಿಂದ ಎರಡೂ ಪಕ್ಷದವರನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು ಎನ್ನುತ್ತಾನೆ. ತನ್ನ ಊರಿನ ತಪ್ಪನ್ನೂ ಮುಚ್ಚಿಡಲಿಲ್ಲ. ಕ್ರಿ.ಪೂ. 416ರಲ್ಲಿ ಅಥೆನ್ಸ್ ಮೆಲೊಸ್ ಎಂಬ ಸಣ್ಣ ದ್ವೀಪಕ್ಕೆ ಶರಣಾಗಲು ಹೇಳಿತು. ನ್ಯಾಯದ ಮಾತು ಸಮಬಲರ ನಡುವೆ ಮಾತ್ರ, ಬಲಿಷ್ಠರು ಆದದ್ದು ಮಾಡುತ್ತಾರೆ, ದುರ್ಬಲರು ಸಹಿಸುತ್ತಾರೆ ಎಂಬುದು ಅಥೆನ್ಸಿನ ದೂತರ ವಾದ. ಮೆಲೊಸ್ ಒಪ್ಪಲಿಲ್ಲ. ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು. ಪ್ರಜಾಪ್ರಭುತ್ವದ ತವರು ಎಂದು ನಾವು ಓದಿದ ಅಥೆನ್ಸೇ ಇದನ್ನು ಮಾಡಿದ್ದು. ನಮಗೆ ಅದು ಗೊತ್ತಿರುವುದು ಅಥೆನ್ಸಿನವನೇ ಬರೆದಿಟ್ಟಿದ್ದರಿಂದ.

ಉಳಿದವರಲ್ಲಿ ಇಬ್ಬರನ್ನು ನೆನಪಿಟ್ಟುಕೊಳ್ಳಿ. ಕ್ಸೆನೊಫನ್ ಪರ್ಷಿಯಾದ ಒಳನಾಡಿನಲ್ಲಿ ಸಿಕ್ಕಿಬಿದ್ದ ಹತ್ತು ಸಾವಿರ ಗ್ರೀಕ್ ಸೈನಿಕರು ಕಾಲ್ನಡಿಗೆಯಲ್ಲಿ ಸಮುದ್ರ ತಲುಪಿದ ಕಥೆಯನ್ನು ತಾನೇ ಅನುಭವಿಸಿ ಬರೆದ. ಮೆಗಾಸ್ತನೀಸ್ ಕ್ರಿ.ಪೂ. 300ರ ಸುಮಾರಿಗೆ ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದು 'ಇಂಡಿಕಾ' ಬರೆದ. ಆ ಪುಸ್ತಕ ಕಳೆದುಹೋಗಿದೆ. ಬೇರೆಯವರು ಅದರಿಂದ ಎತ್ತಿಕೊಂಡ ತುಣುಕುಗಳಷ್ಟೇ ನಮಗೆ ಸಿಕ್ಕಿವೆ.

ತತ್ತ್ವಜ್ಞರು: ಪ್ರಶ್ನೆಯನ್ನು ಬಿಡದವರು

ಗ್ರೀಕ್ ತತ್ತ್ವಶಾಸ್ತ್ರದ ಮೊದಲ ಹೆಸರು ಥೇಲೀಸ್. ಅವನ ಊರು ಮೈಲೀಟಸ್ ಸಹ ಇಂದಿನ ತುರ್ಕಿಯ ಕರಾವಳಿಯ ವ್ಯಾಪಾರದ ಊರೇ. ಎಲ್ಲದಕ್ಕೂ ಮೂಲ ನೀರು ಎಂದು ಅವನು ಹೇಳಿದ. ಉತ್ತರ ಇಂದು ನಿಲ್ಲುವುದಿಲ್ಲ. ಆದರೆ ಲೋಕದ ಮೂಲವನ್ನು ದೇವತೆಗಳ ಕಥೆಯಿಂದ ಬಿಡಿಸಿ, ಕಾಣುವ ಒಂದು ಪದಾರ್ಥದಲ್ಲಿ ಹುಡುಕಿದ್ದು ಹೊಸದು. ಅದೇ ಕರಾವಳಿಯ ಕ್ಸೆನೊಫನೀಸ್ ಇನ್ನೂ ಮುಂದೆ ಹೋಗಿ, ಇಥಿಯೋಪಿಯದವರ ದೇವರು ಕಪ್ಪಗಿದ್ದಾರೆ, ಥ್ರೇಸಿನವರ ದೇವರಿಗೆ ನೀಲಿ ಕಣ್ಣು, ಎಲ್ಲರೂ ತಮ್ಮಂತೆಯೇ ದೇವರನ್ನು ಮಾಡಿಕೊಂಡಿದ್ದಾರೆ ಎಂದು ತೋರಿಸಿದ. ಹಲವು ಜನಾಂಗದವರು ಬಂದು ಹೋಗುವ ಊರಿನಲ್ಲಿ ಇಂಥ ಮಾತು ಹುಟ್ಟುವುದು ಸಹಜ.

ಸಾಕ್ರೆಟಿಸ್ (ಕ್ರಿ.ಪೂ. 469–399) ಅಥೆನ್ಸಿನವನೇ. ಒಂದು ಅಕ್ಷರವನ್ನೂ ಬರೆದಿಡಲಿಲ್ಲ. ಪೇಟೆಯಲ್ಲಿ ನಿಂತು ಸೇನಾಪತಿಯನ್ನು ಧೈರ್ಯವೆಂದರೇನು ಎಂದು, ಭಕ್ತನನ್ನು ಭಕ್ತಿಯೆಂದರೇನು ಎಂದು ಕೇಳುತ್ತಿದ್ದ. ಅವರು ಹೇಳಿದ ಉತ್ತರವನ್ನೇ ಹಿಡಿದು ಮತ್ತೆ ಕೇಳುತ್ತಿದ್ದ. ಕೊನೆಗೆ ತಮಗೆ ಗೊತ್ತಿದೆ ಎಂದುಕೊಂಡದ್ದು ಗೊತ್ತಿಲ್ಲ ಎಂಬುದು ಅವರಿಗೆ ತಿಳಿಯುತ್ತಿತ್ತು. ಯುವಕರನ್ನು ಕೆಡಿಸಿದ, ಊರಿನ ದೇವರನ್ನು ಒಪ್ಪಲಿಲ್ಲ ಎಂಬ ಆರೋಪದ ಮೇಲೆ ಕ್ರಿ.ಪೂ. 399ರಲ್ಲಿ ನೂರಾರು ನಾಗರಿಕರ ನ್ಯಾಯಸಭೆ ಅವನಿಗೆ ಮರಣದಂಡನೆ ವಿಧಿಸಿತು. ತಪ್ಪಿಸಿಕೊಂಡು ಹೋಗಲು ಗೆಳೆಯರು ದಾರಿ ಮಾಡಿದ್ದರೂ ಹೋಗದೆ, ಸೆರೆಮನೆಯಲ್ಲಿ ವಿಷ ಕುಡಿದ.

ಸೊಲ್ಲಾಪುರದವರಿಗೆ ಇದನ್ನು ವಿವರಿಸಲು ನಮ್ಮ ಊರಿನದೇ ಒಂದು ಉದಾಹರಣೆ ಇದೆ. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭು ಬಂದ ಪ್ರಸಂಗ ನಮಗೆಲ್ಲ ಗೊತ್ತು. ಎಲ್ಲರೂ ಗುರುವೆಂದು ಕೈಮುಗಿಯುವ ಸಿದ್ಧರಾಮರನ್ನು ಅಲ್ಲಮ 'ಒಡ್ಡ' ಎಂದು ಕರೆಯುತ್ತಾರೆ. ಕೆಲಸದವರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ. ಆಮೇಲೆ ಮಾತಿಗೆ ಮಾತು ಬೆಳೆದು, ಕೆರೆ ಗುಡಿ ಕಟ್ಟಿಸಿದ್ದರಿಂದಲೇ ಆಯಿತೇ, ಒಳಗಿನದೇನು ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಕೊನೆಗೆ ಸಿದ್ಧರಾಮರು ಅಲ್ಲಮನೊಡನೆ ಕಲ್ಯಾಣಕ್ಕೆ ಹೊರಡುತ್ತಾರೆ. 15ನೇ ಶತಮಾನದಲ್ಲಿ ರೂಪುಗೊಂಡ 'ಶೂನ್ಯಸಂಪಾದನೆ' ಇಂಥ ಸಂವಾದಗಳಿಂದಲೇ ಕಟ್ಟಿದ ಗ್ರಂಥ. ಸಾಕ್ರೆಟಿಸನ ಶಿಷ್ಯ ಪ್ಲೇಟೊ (ಕ್ರಿ.ಪೂ. 427–347) ಸಹ ಗುರುವಿನ ವಿಚಾರವನ್ನು ಸಂವಾದಗಳಾಗಿಯೇ ಬರೆದ. ಮಾತಿನಲ್ಲಿ ಹುಟ್ಟಿದ ತಿಳಿವನ್ನು ಮಾತಿನ ರೂಪದಲ್ಲೇ ಉಳಿಸುವ ಯೋಚನೆ ಎರಡೂ ಕಡೆ ಒಂದೇ. ವ್ಯತ್ಯಾಸವೂ ಇದೆ. ಸಾಕ್ರೆಟಿಸ್ ಬಯಸುವುದು ಒಂದು ಪದಕ್ಕೆ ಎಲ್ಲೆಡೆ ನಿಲ್ಲುವ ಅರ್ಥವನ್ನು. ಅಲ್ಲಮ ಮಾತನ್ನು ದಾಟಿದ ಅನುಭಾವದ ಕಡೆಗೆ ಕೈ ತೋರುತ್ತಾರೆ. ಒಂದನ್ನು ಇನ್ನೊಂದರ ನಕಲು ಎಂದು ನೋಡಬೇಕಿಲ್ಲ. ಒಂದನ್ನು ಬಲ್ಲವರಿಗೆ ಇನ್ನೊಂದು ಸುಲಭ ಎಂದಷ್ಟೇ ನಾವು ಹೇಳುವುದು.

ಪ್ಲೇಟೊ ಅಥೆನ್ಸಿನಲ್ಲಿ 'ಅಕಾಡೆಮಿ' ಎಂಬ ಶಾಲೆ ತೆರೆದ. ನಾವು ಇಂದು ಸಾಹಿತ್ಯ ಅಕಾಡೆಮಿ, ನಾಟಕ ಅಕಾಡೆಮಿ ಎನ್ನುವಾಗ ಆ ತೋಪಿನ ಹೆಸರನ್ನೇ ಹೇಳುತ್ತಿರುತ್ತೇವೆ. ಅವನ ಶಿಷ್ಯ ಅರಿಸ್ಟಾಟಲ್ (ಕ್ರಿ.ಪೂ. 384–322) ಉತ್ತರದ ಸ್ಟಜೈರ ಎಂಬ ಸಣ್ಣ ಊರಿನವನು. ತರ್ಕ, ರಾಜಕೀಯ, ನೀತಿ, ಪ್ರಾಣಿಶಾಸ್ತ್ರ, ಕಾವ್ಯ ಎಲ್ಲದರ ಮೇಲೂ ಬರೆದ. ಆದರೂ ಬದುಕಿನ ಬಹುಭಾಗ ಕಳೆದ ಅಥೆನ್ಸಿನಲ್ಲಿ ಅವನಿಗೆ ನಾಗರಿಕತ್ವ ಇರಲಿಲ್ಲ, ಪರಸ್ಥಳದವನಾಗಿಯೇ ಇದ್ದ. ಹೀಗಿದ್ದ ಅರಿಸ್ಟಾಟಲನೇ ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ಯೋಗ್ಯರು, ಬಾರ್ಬರರು ಗ್ರೀಕರ ಕೈಕೆಳಗಿರುವುದು ಸರಿ ಎಂದೂ ವಾದಿಸಿದ. ದೊಡ್ಡವರನ್ನು ಓದುವಾಗ ಇದನ್ನೂ ಕಣ್ಣುಬಿಟ್ಟು ಓದಬೇಕು. ಅದೇ ಕಾಲದಲ್ಲಿ, ಕಪ್ಪು ಸಮುದ್ರದ ದಂಡೆಯ ಸಿನೋಪೆಯಿಂದ ಗಡೀಪಾರಾಗಿ ಬಂದ ಡಯೋಜಿನೀಸನನ್ನು ನಿನ್ನ ಊರು ಯಾವುದು ಎಂದು ಕೇಳಿದಾಗ ತಾನು ಲೋಕದ ನಾಗರಿಕ ಎಂದನಂತೆ.

ನಾಟಕ: ಸೋತವರ ಮನೆಯಲ್ಲಿ ನಿಂತು ನೋಡಿದ್ದು

ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ ನೋಡಿ ಬೆಳೆದವರಿಗೆ ಗ್ರೀಕ್ ನಾಟಕದ ಸ್ವರೂಪ ಅಪರಿಚಿತವಲ್ಲ. ಬಯಲು ರಂಗ, ದೇವರ ಹಬ್ಬದ ಸಂದರ್ಭ, ಹೆಣ್ಣಿನ ಪಾತ್ರಕ್ಕೂ ಗಂಡಸರು, ಹಾಡು, ಕುಣಿತ, ಜನರಿಗೆ ಮೊದಲೇ ಗೊತ್ತಿರುವ ಪುರಾಣದ ಕಥೆ. ನಮ್ಮಲ್ಲಿ ಭಾಗವತರೂ ಹಿಮ್ಮೇಳವೂ ಇರುವಂತೆ ಅಲ್ಲಿ 'ಕೋರಸ್' ಎಂಬ ಮೇಳ. ಮೊದಲು ಹನ್ನೆರಡು, ನಂತರ ಹದಿನೈದು ಜನ ಕುಣಿಯುತ್ತ ಹಾಡುತ್ತ ಕಥೆಗೆ ಪ್ರತಿಕ್ರಿಯೆ ಕೊಡುತ್ತಿದ್ದರು. ನಟರು ಹೆಚ್ಚೆಂದರೆ ಮೂವರು. ಮುಖವಾಡ ಬದಲಿಸಿ ಹಲವು ಪಾತ್ರ ಮಾಡುತ್ತಿದ್ದರು. ನಮ್ಮ ಆಟ ರಾತ್ರಿಯಿಡೀ ನಡೆದರೆ ಅವರದು ಹಗಲಿನಲ್ಲಿ. ಅಥೆನ್ಸಿನಲ್ಲಿ ಡಯೊನೈಸಸ್ ದೇವರ ವಸಂತದ ಹಬ್ಬಕ್ಕೆ ಸ್ಪರ್ಧೆ ನಡೆಯುತ್ತಿತ್ತು, ಬಹುಮಾನವೂ ಇತ್ತು.

ನೆನಪಿಡಬೇಕಾದ ಹೆಸರುಗಳು ನಾಲ್ಕು. ಈಸ್ಕಿಲಸ್, ಸೊಫೊಕ್ಲೀಸ್, ಯೂರಿಪಿಡೀಸ್ ರುದ್ರನಾಟಕದವರು, ಅರಿಸ್ಟೊಫೇನೀಸ್ ನಗೆನಾಟಕದವನು. ಬರೆದದ್ದು ನೂರಾರು, ಉಳಿದದ್ದು ಸ್ವಲ್ಪ. ಸೊಫೊಕ್ಲೀಸನ ಪೂರ್ಣ ನಾಟಕಗಳು ಏಳು ಮಾತ್ರ ಸಿಕ್ಕಿವೆ.

ಈಸ್ಕಿಲಸ್ ಮ್ಯಾರಥಾನಿನಲ್ಲಿ ಸ್ವತಃ ಕಾದಿದ ಯೋಧ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಅಥೆನ್ಸನ್ನು ಸುಟ್ಟರು. ಅದೇ ವರ್ಷ ಸಲಾಮಿಸ್‌ನಲ್ಲಿ ಸೋತರು. ಎಂಟು ವರ್ಷಗಳ ನಂತರ, 472ರಲ್ಲಿ, ಈಸ್ಕಿಲಸ್ 'ಪರ್ಷಿಯನ್ನರು' ನಾಟಕ ಆಡಿಸಿದ. ವಿಜಯೋತ್ಸವದ ನಾಟಕ ಬರೆಯುವುದು ಸುಲಭವಿತ್ತು. ಅವನು ರಂಗವನ್ನು ಶತ್ರುವಿನ ರಾಜಧಾನಿಗೆ ಒಯ್ದ. ಮಗನ ದಾರಿ ಕಾಯುವ ರಾಜಮಾತೆ, ಚಿಂತೆಯಲ್ಲಿರುವ ಹಿರಿಯರು, ಸೋಲಿನ ಸುದ್ದಿ ತರುವ ದೂತ, ಸಮಾಧಿಯಿಂದೇಳುವ ಹಿಂದಿನ ದೊರೆ, ಕೊನೆಗೆ ಚಿಂದಿ ಬಟ್ಟೆಯಲ್ಲಿ ಬರುವ ಝರ್ಕ್ಸಿಸ್. ರಂಗದ ಮೇಲೆ ಒಬ್ಬ ಗ್ರೀಕನೂ ಇಲ್ಲ. ನೋಡುತ್ತ ಕೂತವರಲ್ಲಿ ಮನೆ ಸುಟ್ಟುಹೋದವರಿದ್ದರು, ಬಂಧುಗಳನ್ನು ಕಳೆದುಕೊಂಡವರಿದ್ದರು. ಅವರ ಎದುರಿಗೆ ಸೋತವರ ಅಳು ಕೇಳಿಸಿದ. ಆ ಸ್ಪರ್ಧೆಯಲ್ಲಿ ಅವನಿಗೆ ಮೊದಲ ಬಹುಮಾನ ಬಂತು.

ಸೊಫೊಕ್ಲೀಸನ 'ಈಡಿಪಸ್' ಒಂದು ವಿಚಾರಣೆಯ ಕಥೆ. ಊರಿಗೆ ಮಾರಿ ಬಂದಿದೆ, ಹಿಂದಿನ ದೊರೆಯನ್ನು ಕೊಂದವನನ್ನು ಹುಡುಕಬೇಕು. ಈಗಿನ ದೊರೆ ಛಲದಿಂದ ಹುಡುಕುತ್ತಾನೆ, ಕೊನೆಗೆ ಕೊಂದವನು ತಾನೇ, ಸತ್ತವನು ತನ್ನ ತಂದೆಯೇ ಎಂದು ತಿಳಿಯುತ್ತದೆ. ಯೂರಿಪಿಡೀಸ್ ಮೆಲೊಸ್ ದ್ವೀಪದ ದುರಂತದ ಮರುವರ್ಷ, ಕ್ರಿ.ಪೂ. 415ರಲ್ಲಿ, 'ಟ್ರಾಯಿನ ಹೆಂಗಸರು' ಆಡಿಸಿದ. ಗೆದ್ದ ಸೈನ್ಯ ಪಾಲು ಹಾಕಿಕೊಳ್ಳುವ ಸೆರೆಯ ಹೆಂಗಸರೇ ಅದರ ಮುಖ್ಯ ಪಾತ್ರಗಳು. ಅರಿಸ್ಟೊಫೇನೀಸ್ ತನ್ನ ಊರಿನ ಮುಖಂಡರನ್ನು, ಸಾಕ್ರೆಟಿಸನನ್ನು ಸಹ ಬಿಡದೆ ಗೇಲಿ ಮಾಡಿದ. ಪರದೇಶದವರು ತಪ್ಪುತಪ್ಪಾಗಿ ಗ್ರೀಕ್ ಮಾತಾಡುವುದನ್ನೂ ನಗೆಗೆ ಬಳಸಿಕೊಂಡ. ಹಾಗಾಗಿ ಗ್ರೀಕ್ ರಂಗದಲ್ಲಿ ನೆರೆಯವರಿಗಾಗಿ ಅತ್ತದ್ದೂ ಇದೆ, ನೆರೆಯವರನ್ನು ನೋಡಿ ನಕ್ಕದ್ದೂ ಇದೆ.

ಗ್ರೀಕ್ ರಂಗದ ಮೇಲೆ ಕನ್ನಡ?

ಆ ನಗೆಯ ಪಾಲು ನಮಗೂ ಬಂದಿರಬಹುದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ತಿಪ್ಪೆಗಳಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. 1903ರಲ್ಲಿ ಅದು 413ನೇ ಸಂಖ್ಯೆಯಾಗಿ ಪ್ರಕಟವಾಯಿತು. ಖಾರಿಶನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ದೊರೆಯೊಬ್ಬನ ಸೆರೆಯಲ್ಲಿದ್ದಾಳೆ. ಅವಳ ಅಣ್ಣ ಬಂದು, ದೊರೆಗೂ ಪರಿವಾರಕ್ಕೂ ದ್ರಾಕ್ಷಾರಸ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹಡಗೇರುತ್ತಾನೆ. ದೊರೆ ಮತ್ತು ಪರಿವಾರದವರು ಗ್ರೀಕ್ ಅಲ್ಲದ ಒಂದು ಭಾಷೆಯಲ್ಲಿ ಮಾತಾಡುತ್ತಾರೆ. 1904ರಲ್ಲಿ ಶಾಸನತಜ್ಞ ಹುಲ್ಟ್ಜ್ ಅದು ಕನ್ನಡವಿರಬಹುದು ಎಂದರು. ಆರ್. ಶಾಮಶಾಸ್ತ್ರಿ, ಗಡಿನಾಡು ಮಂಜೇಶ್ವರದ ಎಂ. ಗೋವಿಂದ ಪೈ ಮೊದಲಾದವರು ಇದರ ಮೇಲೆ ಚರ್ಚೆ ಮಾಡಿದರು. ತುಳು ಎಂದವರಿದ್ದಾರೆ, ನಗಿಸಲು ಕಟ್ಟಿದ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ. ಚರ್ಚೆ ಮುಗಿದಿಲ್ಲ. ಆದ್ದರಿಂದ 'ಗ್ರೀಕ್ ನಾಟಕದಲ್ಲಿ ಕನ್ನಡ' ಎಂದು ಸಭೆಯಲ್ಲಿ ಎದೆತಟ್ಟಿ ಹೇಳುವ ಮೊದಲು ಎರಡು ಸಂಗತಿ ನೆನಪಿರಲಿ. ಒಂದು, ಅದು ಸಾಬೀತಾದ ವಿಷಯವಲ್ಲ. ಇನ್ನೊಂದು, ಅದು ಕನ್ನಡವೇ ಆಗಿದ್ದರೂ ಅಲ್ಲಿ ಬಂದಿರುವುದು ಗೌರವಕ್ಕಲ್ಲ, ಪ್ರೇಕ್ಷಕರನ್ನು ನಗಿಸಲು. ಆ ರಂಗದ ಮೇಲೆ ಬಾರ್ಬರರು ನಾವೇ.

ಬಿಎಂಶ್ರೀ ತಂದ ಗ್ರೀಕರು

ಗ್ರೀಕ್ ನಾಟಕವನ್ನು ಕನ್ನಡಕ್ಕೆ ಆದರದಿಂದ ಬರಮಾಡಿಕೊಂಡವರು ಬಿ.ಎಂ. ಶ್ರೀಕಂಠಯ್ಯ (1884–1946). ನಮ್ಮ ಪಕ್ಕದ ಕಲಬುರ್ಗಿಯಲ್ಲಿ 1928ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಮರುವರ್ಷ 'ಅಶ್ವತ್ಥಾಮನ್' ಪ್ರಕಟವಾಯಿತು. ಅದರ ಮೂಲ ಸೊಫೊಕ್ಲೀಸನ 'ಅಜಾಕ್ಸ್'. ಅವಮಾನಗೊಂಡ ವೀರ ಹುಚ್ಚಿನಲ್ಲಿ ದನಕುರಿಗಳನ್ನೇ ಶತ್ರುಗಳೆಂದು ಕಡಿದು, ಎಚ್ಚರವಾದಾಗ ನಾಚಿ ತನ್ನ ಕತ್ತಿಗೆ ತಾನೇ ಬೀಳುವ ಕಥೆ ಅದು. ಬಿಎಂಶ್ರೀ ಆ ವೀರನ ಜಾಗದಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿದರು. ಚಿರಂಜೀವಿಯಾದವನನ್ನು ಸಾಯಿಸಬಹುದೇ ಎಂಬ ಆಕ್ಷೇಪವೂ ಬಂತು. ಅದಕ್ಕೂ ಮುಂಚೆ, 1926ರಲ್ಲಿ, ಅವರು ರನ್ನನ ಗದಾಯುದ್ಧವನ್ನು ನಾಟಕವಾಗಿ ಜೋಡಿಸಿದ್ದರು. ಮುಧೋಳದ ರನ್ನ ಚಾಲುಕ್ಯರ ಕವಿ. ಸೋಲುವ ದುರ್ಯೋಧನನ ಮೇಲೆ ಓದುಗರಿಗೆ ಕನಿಕರವೂ ಗೌರವವೂ ಬರುವಂತೆ ಬರೆದವನು. ಗ್ರೀಕರ ರುದ್ರನಾಟಕಕ್ಕೆ ಹತ್ತಿರದ ಮನೋಧರ್ಮ ಕನ್ನಡದಲ್ಲಿ ಹತ್ತನೇ ಶತಮಾನದಲ್ಲೇ ಇತ್ತು ಎಂಬುದನ್ನು ಬಿಎಂಶ್ರೀ ಕಂಡರು.

1935ರಲ್ಲಿ ಅವರು ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಮುಂದೆ ಪಿ. ಲಂಕೇಶ್ ಸೊಫೊಕ್ಲೀಸನ ಈಡಿಪಸ್ ಮತ್ತು ಅಂತಿಗೊನೆ ನಾಟಕಗಳನ್ನು ಇಂದಿನ ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿ ಕೊಟ್ಟರು. ಈಡಿಪಸ್ ಅನ್ನು ಬಿ.ವಿ. ಕಾರಂತರು 1970ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಬಯಲಿನಲ್ಲೇ ಆಡಿಸಿದರು.

ಎಲ್ಲಿಂದ ಶುರು ಮಾಡಬೇಕು?

ಹೊಸದಾಗಿ ಓದುವವರಿಗೆ ನಮ್ಮ ಸಲಹೆ ಇಷ್ಟು. ಮೊದಲು ಲಂಕೇಶರ ಈಡಿಪಸ್. ಒಂದೇ ಸಂಜೆಗೆ ಮುಗಿಯುತ್ತದೆ. ನಂತರ 'ಪಾರಸಿಕರು'. ಹಳಗನ್ನಡದ ಛಾಯೆ ಇರುವುದರಿಂದ ಇಬ್ಬರು ಮೂವರು ಸೇರಿ ಗಟ್ಟಿಯಾಗಿ ಓದಿದರೆ ಒಳ್ಳೆಯದು. ತತ್ತ್ವದಲ್ಲಿ ಪ್ಲೇಟೊ ಬರೆದ ಸಾಕ್ರೆಟಿಸನ ನ್ಯಾಯಸಭೆಯ ಭಾಷಣದಿಂದ ಹೊರಡಿ, ಜೊತೆಗೆ ಶೂನ್ಯಸಂಪಾದನೆಯ ಸಿದ್ಧರಾಮರ ಭಾಗವನ್ನು ಇಟ್ಟುಕೊಳ್ಳಿ. ಹೆರೊಡೋಟಸನನ್ನು ಇಂಗ್ಲಿಷಿನಲ್ಲಿ ಓದಬಲ್ಲವರು ಭಾರತದ ವಿಷಯ ಬರುವ ಮೂರನೆಯ ಪುಸ್ತಕ ತೆರೆಯಬಹುದು. ಕಾಲೇಜಿಗೆ ಹೋಗುವ ಮಕ್ಕಳು ಅದನ್ನು ಓದಿ ಮನೆಯ ಹಿರಿಯರಿಗೆ ಕನ್ನಡದಲ್ಲಿ ಹೇಳಿದರೆ ಇಬ್ಬರಿಗೂ ಲಾಭ.

ಓದುವುದರ ಜೊತೆಗೆ ಹೆರೊಡೋಟಸನ ಕೆಲಸವನ್ನು ನಾವೂ ಮಾಡಬಹುದು. 1930ರ ಸೊಲ್ಲಾಪುರದ ಮಾರ್ಷಲ್ ಲಾ, 1931ರ ಜನವರಿ 12ರಂದು ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರ್ಡಾ, ಜಗನ್ನಾಥ ಶಿಂದೆ ಎಂಬ ನಾಲ್ವರ ಹೆಸರು ಪುಸ್ತಕದಲ್ಲಿವೆ, ಚೌಕದಲ್ಲಿವೆ. ಆದರೆ ಆ ದಿನಗಳನ್ನು ಕಂಡವರಿಂದ ನೇರವಾಗಿ ಕೇಳಲು ಇನ್ನು ಸಾಧ್ಯವಿಲ್ಲ. ಗಿರಣಿಗಳ ಭೋಂಗಾ ಕೇಳಿ ಎದ್ದು ಕೆಲಸಕ್ಕೆ ಹೋಗುತ್ತಿದ್ದವರು, ಕನ್ನಡ ತೆಲುಗು ಮರಾಠಿ ಮೂರೂ ಮಾತಿನ ಚಾಳುಗಳಲ್ಲಿ ಬೆಳೆದವರು, ಅಕ್ಕಲಕೋಟ ಸಂಸ್ಥಾನದ ದಿನಗಳ ಬಗ್ಗೆ ತಮ್ಮ ಅಪ್ಪ ಅಮ್ಮಂದಿರಿಂದ ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ನೆನಪು ಕನ್ನಡದಲ್ಲಿದೆ. ಮೊಮ್ಮಕ್ಕಳ ಓದು ಬೇರೆ ಭಾಷೆಯಲ್ಲಿದೆ. ಈ ಎರಡರ ನಡುವೆ ಕೇಳುವವರು ಬೇಕು.

ಯಾರು ಹೇಳಿದರು, ಯಾವ ಊರು, ಯಾವ ದಿನ ಕೇಳಿದ್ದು, ಅವರು ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂಬ ನಾಲ್ಕು ಸಂಗತಿಗಳನ್ನು ಮೇಲೆ ಬರೆದು, ಅವರ ಮಾತನ್ನು ಅವರ ಮಾತಿನಲ್ಲೇ, ನಮ್ಮ ಸೀಮೆಯ ಕನ್ನಡದಲ್ಲೇ ಬರೆದುಕೊಳ್ಳಿ. ಫೋನಿನಲ್ಲಿ ಧ್ವನಿ ಹಿಡಿದಿಟ್ಟರೂ ಸರಿ. ಪಕ್ಕದ ಮನೆಯ ಮರಾಠಿ ಅಜ್ಜಿಯನ್ನೂ ತೆಲುಗು ನೇಕಾರರನ್ನೂ ಕೇಳಿ. ಒಂದೇ ಘಟನೆಯನ್ನು ಅವರು ಬೇರೆ ರೀತಿ ಹೇಳಿದರೆ ಎರಡನ್ನೂ ಬರೆಯಿರಿ. ಇರುವೆ ಚಿನ್ನ ತೋಡುವಂಥ ಮಾತು ಬಂದರೂ ಬಿಡಬೇಡಿ. ಯಾವುದು ಇರುವೆ, ಯಾವುದು ಹತ್ತಿ 
ಎಂಬುದನ್ನು ಮುಂದೆ ಓದುವವರು ತೀರ್ಮಾನಿಸಲಿ.